ಹಳೆ ಪಿಕಪ್ ಗಾಡಿ ಕೊಳ್ಳೋಣವೇ?

ಸೂರಗೊಂಡನಕೊಪ್ಪದ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಪಿಕಪ್ ಗಾಡಿಗಳು ಹೋಗುತ್ತವೆ, ಬರುತ್ತವೆ. ಒಂದರಲ್ಲಿ ಮೆಕ್ಕೆಜೋಳದ ಚೀಲ. ಇನ್ನೊಂದರಲ್ಲಿ ಗೊಬ್ಬರ. ಮತ್ತೊಂದರಲ್ಲಿ ಕುರಿ. ಸುಗ್ಗಿ ಬಂತೆಂದರೆ ಗಾಡಿಗೆ ಬಿಡುವೇ ಇಲ್ಲ.

ಇದನ್ನು ನೋಡಿದವರಿಗೆ ಆಸೆ ಹುಟ್ಟುತ್ತದೆ. "ನಾವೂ ಒಂದು ಗಾಡಿ ತಗೊಂಡ್ರೆ ಹೆಂಗೆ?" ಹೊಸ ಗಾಡಿಗೆ ಹಲವು ಲಕ್ಷ ಬೇಕು. ಹಳೆಯದು ಕಡಿಮೆಗೆ ಸಿಗುತ್ತದೆ. ಶಿವಮೊಗ್ಗದಲ್ಲಿ ಒಂದು ಗಾಡಿ ಇದೆ ಅಂತಾರೆ. ದಾವಣಗೆರೆಯಲ್ಲಿ ಇನ್ನೊಂದು ಇದೆ ಅಂತಾರೆ. ದಲ್ಲಾಳಿ ಮನೆಗೇ ಬರುತ್ತಾನೆ. "ಚಿಂತೆ ಬೇಡಣ್ಣ, ಗಾಡಿ ಬೆಣ್ಣೆ ಇದ್ದಂಗಿದೆ. ಇವತ್ತು ಬಿಟ್ರೆ ನಾಳೆ ಸಿಗಲ್ಲ" ಅಂತಾನೆ.

ಕೊಳ್ಳಬೇಕೋ? ಬೇಡವೋ? ಅದನ್ನು ತೀರ್ಮಾನಿಸಬೇಕಾದವರು ನೀವು. ಇದಕ್ಕೆ ಬೇಕಾದದ್ದು ಎರಡು. ಒಂದು, ಲೆಕ್ಕ. ಇನ್ನೊಂದು, ಓದು. ಈಗ ನಿಮಗೆ ಎರಡೂ ಬರುತ್ತವೆ. ಬನ್ನಿ, ಇಬ್ಬರೂ ಸೇರಿ ನೋಡೋಣ.

ಹೇರೆತ್ತಿನಿಂದ ಪಿಕಪ್‌ವರೆಗೆ

ಸರಕು ಸಾಗಿಸುವುದು ಈ ಊರಿಗೆ ಹೊಸದಲ್ಲ. ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಹುಟ್ಟೂರು. ಅವರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಬಂಜಾರ ಜನ ನಂಬುತ್ತಾರೆ. ಆ ಕಾಲದಲ್ಲಿ ಬಂಜಾರರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶವೆಲ್ಲ ತಿರುಗುತ್ತಿದ್ದರು. ತಾಂಡಾ ಎಂದರೆ ಆಗ ನಿಂತ ಊರಲ್ಲ. ಸಾಗುವ ಜನ ಮತ್ತು ಎತ್ತುಗಳ ಗುಂಪು. 19ನೇ ಶತಮಾನದಲ್ಲಿ ರೈಲು ಬಂತು, ಒಳ್ಳೆಯ ರಸ್ತೆ ಬಂತು. ಹೇರೆತ್ತಿನ ಕಸುಬು ನಿಂತುಹೋಯಿತು.

ಅಂದಿನವರು ಎತ್ತು ಕೊಳ್ಳುವಾಗ ಏನು ಮಾಡುತ್ತಿದ್ದರು? ಇಂದಿಗೂ ನಾವು ಸಂತೆಯಲ್ಲಿ ಏನು ಮಾಡುತ್ತೇವೆ? ಬಾಯಿ ತೆರೆದು ಹಲ್ಲು ಎಣಿಸುತ್ತೇವೆ. ಗೊರಸು ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ಎತ್ತು ಕೊಳ್ಳುವುದಿಲ್ಲ.

ಗಾಡಿಗೂ ಇದೇ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸ ಬಣ್ಣ ಇರುವುದೆಲ್ಲ ಒಳ್ಳೆಯ ಗಾಡಿ ಅಲ್ಲ. ಗಾಡಿಗೂ ಹಲ್ಲು ಇದೆ, ಗೊರಸು ಇದೆ, ನಡಿಗೆ ಇದೆ. ಅವನ್ನು ನೋಡಲು ಕಲಿಯಬೇಕು.

ಮೊದಲ ಪ್ರಶ್ನೆ: ಗಾಡಿಗೆ ಕೆಲಸ ಎಷ್ಟು?

ಗಾಡಿ ನೋಡಲು ಹೋಗುವ ಮುಂಚೆ ಮನೆಯಲ್ಲಿ ಕುಳಿತುಕೊಳ್ಳಿ. ಗಂಡ, ಹೆಂಡತಿ, ದೊಡ್ಡ ಮಕ್ಕಳು ಎಲ್ಲರೂ ಇರಲಿ. ಸಾಲದ ಭಾರ ಎಲ್ಲರ ತಲೆಯ ಮೇಲೂ ಬೀಳುತ್ತದೆ. ಮಾತೂ ಎಲ್ಲರದು ಇರಲಿ. ಒಂದು ನೋಟ್‌ಬುಕ್, ಒಂದು ಪೆನ್ನು ತಗೊಳ್ಳಿ.

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆ ಮಾತ್ರ. ನಿಮ್ಮ ಅಂಕಿಗಳನ್ನು ನೀವೇ ಬರೆಯಬೇಕು.

ಗಾಡಿಯ ಬೆಲೆ 2,50,000 ರೂಪಾಯಿ ಅಂದುಕೊಳ್ಳಿ. ಕೈಯಲ್ಲಿ 50,000 ಇದೆ. ಉಳಿದ 2,00,000 ಸಾಲ. ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂಪಾಯಿ. "ಎರಡೇ ರೂಪಾಯಿ ಅಲ್ವಾ" ಅನ್ನಬೇಡಿ. 2,00,000ಕ್ಕೆ ತಿಂಗಳಿಗೆ 4,000 ಆಯಿತು. ವರ್ಷಕ್ಕೆ 48,000 ಆಯಿತು.

ಇನ್ನು ಒಂದು ವರ್ಷದ ಖರ್ಚು ಬರೆಯೋಣ.

ಸಾಲದ ಬಡ್ಡಿ: 48,000
ವಿಮೆ: 25,000
ಎಫ್.ಸಿ., ತೆರಿಗೆ, ಹೊಗೆ ತಪಾಸಣೆ: 10,000
ಟೈರು, ಬ್ಯಾಟರಿ, ಆಯಿಲ್, ರಿಪೇರಿ: 40,000
ಗಾಡಿಯ ಬೆಲೆ ಇಳಿಯುವುದು: 25,000
ಒಟ್ಟು: 1,48,000 ರೂಪಾಯಿ

ಕೊನೆಯ ಸಾಲು ನೋಡಿ. ಈ ವರ್ಷ 2,50,000ಕ್ಕೆ ಕೊಂಡ ಗಾಡಿಯನ್ನು ಮುಂದಿನ ವರ್ಷ ಅಷ್ಟಕ್ಕೇ ಯಾರೂ ಕೊಳ್ಳುವುದಿಲ್ಲ. ಇಳಿದ ಹಣವೂ ಖರ್ಚೇ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಈ 1,48,000 ಗಾಡಿ ಓಡಿದರೂ ಬೇಕು. ಮನೆ ಮುಂದೆ ನಿಂತರೂ ಬಹುಪಾಲು ಬೇಕು. ಎತ್ತು ದುಡಿಯದ ದಿನವೂ ಮೇವು ತಿನ್ನುತ್ತದಲ್ಲವೇ? ಹಾಗೆಯೇ ಇದು.

ಈಗ ಸಂಪಾದನೆ ನೋಡೋಣ. ದಾವಣಗೆರೆ ಮಾರುಕಟ್ಟೆಗೆ ಒಂದು ಲೋಡಿನ ಬಾಡಿಗೆ 3,000 ಅಂದುಕೊಳ್ಳಿ. ಹೋಗಿ ಬರಲು 120 ಕಿ.ಮೀ. ಅಂದುಕೊಳ್ಳಿ. ಲೀಟರಿಗೆ 12 ಕಿ.ಮೀ. ಕೊಟ್ಟರೆ 10 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಎಂದರೆ 900 ರೂಪಾಯಿ. ಗಾಡಿ ಓಡಿಸುವವನ ಕೂಲಿ 600. ಮಗನೇ ಓಡಿಸಿದರೂ ಕೂಲಿ ಬರೆಯಿರಿ. ಆ ದಿನ ಅವನು ಬೇರೆ ಕೆಲಸಕ್ಕೆ ಹೋಗಿದ್ದರೆ ದುಡಿಯುತ್ತಿದ್ದ.

3,000ದಲ್ಲಿ 900 ಹೋಯಿತು, 600 ಹೋಯಿತು. ಉಳಿದದ್ದು 1,500.

1,48,000 ಹುಟ್ಟಬೇಕಾದರೆ ಇಂಥ ಎಷ್ಟು ಬಾಡಿಗೆ ಬೇಕು? 1,48,000ವನ್ನು 1,500ರಿಂದ ಭಾಗಿಸಿ. 99 ಬಾಡಿಗೆ ಬೇಕು. ಅಂದರೆ ವಾರಕ್ಕೆ ಎರಡರಂತೆ, ವರ್ಷವಿಡೀ. ಇಷ್ಟಾದರೆ ಖರ್ಚಿಗೆ ಖರ್ಚು ಸರಿಹೋಯಿತು. ಲಾಭ ಆಮೇಲೆ. ಸಾಲದ ಅಸಲೂ ಆಮೇಲೆ.

ಮೆಕ್ಕೆಜೋಳ ಕೊಯ್ಲಿನ ಕಾಲದಲ್ಲಿ ದಿನಕ್ಕೊಂದು ಬಾಡಿಗೆ ಸಿಗಬಹುದು. ಮಳೆಗಾಲದಲ್ಲಿ ಸಿಗುತ್ತದೆಯೇ? ಚನ್ನಗಿರಿ ಕಡೆ ಅಡಿಕೆ ಇದೆ. ಹೊನ್ನಾಳಿ ಕಡೆ ನೀರಾವರಿ ಇದೆ, ಭತ್ತ ಇದೆ. ಜಗಳೂರು ಕಡೆ ಮಳೆ ನಂಬಿದ ಬೆಳೆ. ಒಂದೊಂದು ಕಡೆ ಬಾಡಿಗೆಯೂ ಒಂದೊಂದು ಥರ. ನಿಮ್ಮ ಊರಿನ 12 ತಿಂಗಳ ಹೆಸರು ಬರೆಯಿರಿ. ಪ್ರತಿ ತಿಂಗಳ ಮುಂದೆ ಎಷ್ಟು ಬಾಡಿಗೆ ಸಿಗಬಹುದು ಎಂದು ಬರೆಯಿರಿ. ಊರಲ್ಲಿ ಈಗಾಗಲೇ ಎಷ್ಟು ಗಾಡಿ ಇವೆ? ಅದನ್ನೂ ಬರೆಯಿರಿ.

"ನಮ್ಮ ಬೆಳೆ ಸಾಗಿಸೋಕೆ ಮಾತ್ರ ಬೇಕು" ಅಂತೀರಾ? ವರ್ಷಕ್ಕೆ 12 ಲೋಡು ಇದ್ದರೆ ಬಾಡಿಗೆ ಗಾಡಿಗೆ ಕೊಡುವುದು 36,000 ಮಾತ್ರ. ಅದಕ್ಕಾಗಿ 1,48,000ದ ಭಾರ ಹೊರುವುದು ಏಕೆ? ಇಂಥವರಿಗೆ ಬಾಡಿಗೆ ಗಾಡಿಯೇ ಮೇಲು.

ಬಡ್ಡಿಯ ವ್ಯತ್ಯಾಸ ಸಣ್ಣದಲ್ಲ. ಅದೇ 2,00,000 ಸಾಲ ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ವರ್ಷಕ್ಕೆ ನೂರಕ್ಕೆ 12ರಂತೆ ಸಿಕ್ಕಿದರೆ ಬಡ್ಡಿ 24,000. ಆಗ 99ರ ಬದಲು 83 ಬಾಡಿಗೆ ಸಾಕು. 16 ಬಾಡಿಗೆಯ ದುಡಿಮೆ ಉಳಿಯಿತು. ಸಾಲ ಎಲ್ಲಿಂದ ಎಂಬುದನ್ನು ಮೊದಲು ಕೇಳಿ. ಗಾಡಿ ಯಾವುದು ಎಂಬುದನ್ನು ಆಮೇಲೆ ಕೇಳಿ.

ಡೀಸೆಲ್ ಇಂಜಿನ್ ಹೇಗೆ ಓಡುತ್ತದೆ?

ಲೆಕ್ಕ ಸರಿಬಂತು ಅನ್ನಿ. ಇನ್ನು ಗಾಡಿ ನೋಡಬೇಕು. ಅದಕ್ಕೆ ಇಂಜಿನ್ ಬಗ್ಗೆ ಸ್ವಲ್ಪ ತಿಳಿದಿರಬೇಕು.

ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಾ? ಹೊಡೆಯುತ್ತಾ ಹೋದಂತೆ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟು ಇದೇ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ 1890ರ ದಶಕದಲ್ಲಿ ಇದನ್ನು ಮಾಡಿದರು. ಎಣ್ಣೆಗೂ ಅವರ ಹೆಸರೇ ಬಂತು.

ಇಂಜಿನ್ ಒಳಗೆ ಕೊಳವೆ ಇದೆ. ಅದಕ್ಕೆ ಸಿಲಿಂಡರ್ ಅಂತಾರೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಗಾಳಿ ಕೆಂಡದಂತೆ ಕಾಯುತ್ತದೆ. ಆಗ ನಾಜಲ್ ಡೀಸೆಲನ್ನು ತುಂತುರಾಗಿ ಚಿಮ್ಮುತ್ತದೆ. ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿನಂತೆ ಕಿಡಿ ಬೇಡ.

ಪಿಸ್ಟನ್ನಿನ ಸುತ್ತ ರಿಂಗುಗಳಿವೆ. ಗಾಳಿ ಸೋರದಂತೆ ಅವು ತಡೆಯುತ್ತವೆ. ರಿಂಗು ಸವೆದರೆ ಗಾಳಿ ಸೋರುತ್ತದೆ. ಗಾಳಿ ಸೋರಿದರೆ ಕಾಯುವುದಿಲ್ಲ. ಕಾಯದಿದ್ದರೆ ಡೀಸೆಲ್ ಸರಿಯಾಗಿ ಹೊತ್ತುವುದಿಲ್ಲ. ಆಗ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಲೋಡು ಎಳೆಯುವುದಿಲ್ಲ. ಇಂಜಿನ್ ಇಳಿಸಿ ಕೆಲಸ ಮಾಡಿಸಬೇಕಾಗುತ್ತದೆ. ಅದು ದೊಡ್ಡ ಖರ್ಚು.

ಆದ್ದರಿಂದ ಹಳೆ ಡೀಸೆಲ್ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇಂಜಿನ್ನಿನ ಉಸಿರು.

ಗಾಡಿ ನೋಡಲು ಹೋದಾಗ

ಬೆಳಿಗ್ಗೆ ಬೇಗ ಹೋಗಿ. "ಇಂಜಿನ್ ಸ್ಟಾರ್ಟ್ ಮಾಡಬೇಡಿ, ನಾವು ಬಂದ ಮೇಲೆ ಮಾಡಿ" ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದೆಯೇ? ಹಾಗಾದರೆ ಮೊದಲೇ ಸ್ಟಾರ್ಟ್ ಮಾಡಿ ಕಾಯಿಸಿದ್ದಾರೆ. ಕಾದ ಇಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಇನ್ನೊಂದು ದಿನ ಬನ್ನಿ.

ನಿಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಒಂದು ದಿನದ ಕೂಲಿ ಕೊಡಿ. ಮಾರುವವರ ಮೆಕ್ಯಾನಿಕ್ ಮಾತು ಸಾಲದು. ನೀವೂ ಇವನ್ನು ನೋಡಿ.

ಹೊಗೆ. ಹಿಂದೆ ನಿಂತು ಸೈಲೆನ್ಸರ್ ನೋಡಿ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಭಯವಿಲ್ಲ. ಬಿಳಿ ಹೊಗೆ ನಿಲ್ಲದೇ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಇಲ್ಲವೇ ಇಂಜಿನ್ ಒಳಗೆ ನೀರು ಹೋಗುತ್ತಿದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು ಸವೆದಿರಬಹುದು. ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದು. ಏರ್ ಫಿಲ್ಟರ್ ಕಟ್ಟಿದ್ದರೆ ಸಣ್ಣ ಖರ್ಚು. ನಾಜಲ್, ಪಂಪು ಕೆಟ್ಟಿದ್ದರೆ ದೊಡ್ಡ ಖರ್ಚು.

ಉಸಿರು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಕ್ಯಾನಿಕ್ ಹತ್ತಿರ ಹುಷಾರಾಗಿ ತೆಗೆಸಿ. ಅಲ್ಲಿಂದ ಭುಸುಭುಸು ಎಂದು ಹೊಗೆ ನುಗ್ಗಿದರೆ ರಿಂಗು ಸೋರುತ್ತಿದೆ. ಮೆಕ್ಯಾನಿಕ್‌ಗಳು ಇದಕ್ಕೆ ಬ್ಯಾಕ್ ಕಂಪ್ರೆಷನ್ ಅಂತಾರೆ. ಇಂಥ ಗಾಡಿ ಬೇಡ.

ಆಯಿಲ್. ಇಂಜಿನ್ ನಿಲ್ಲಿಸಿ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗುತ್ತದೆ. ಅದು ರೋಗವಲ್ಲ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಅದು ರೋಗ. ಒಂದು ಎಚ್ಚರಿಕೆ: ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಬೆನ್ನೆಲುಬು. ಗಾಡಿಯ ಕೆಳಗೆ ಉದ್ದಕ್ಕೂ ಇರುವ ಕಬ್ಬಿಣದ ಚೌಕಟ್ಟೇ ಚಾಸಿ. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿ. ಬಿರುಕು ಇದೆಯೇ? ವೆಲ್ಡಿಂಗ್ ಮಾಡಿದ ಗುರುತು ಇದೆಯೇ? ತುಕ್ಕು ತಿಂದಿದೆಯೇ? ಕಮಾನು ಪಟ್ಟಿ ಮುರಿದಿದೆಯೇ? ಹೊಸ ಬಣ್ಣ ಅಲ್ಲಿ ಮಾತ್ರ ಬಳಿದಿದ್ದರೆ ಏಕೆ ಎಂದು ಕೇಳಿ.

ಗೊರಸು. ಅಂದರೆ ಟೈರು. ಟೈರಿನ ಬದಿಯಲ್ಲಿ 4 ಅಂಕಿಗಳಿರುತ್ತವೆ. ಉದಾಹರಣೆಗೆ 2319. ಮೊದಲ ಎರಡು ಅಂಕಿ ವಾರ. ಕೊನೆಯ ಎರಡು ಅಂಕಿ ವರ್ಷ. ಅಂದರೆ ಆ ಟೈರು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾಯಿತು. "ಹೊಸ ಟೈರು ಹಾಕ್ಸಿದೀನಿ" ಎಂದು ಯಾರಾದರೂ ಹೇಳಿದರೆ ನೀವೇ ಓದಿ ನೋಡಿ. ಒಂದು ಬದಿ ಮಾತ್ರ ಸವೆದಿದ್ದರೆ ಚಕ್ರದ ಜೋಡಣೆ ಸರಿಯಿಲ್ಲ.

ನಡಿಗೆ. ಗಾಡಿ ಓಡಿಸಿ ನೋಡಿ. ಖಾಲಿ ಗಾಡಿ ಎಲ್ಲರ ಕೈಯಲ್ಲೂ ಓಡುತ್ತದೆ. ಹತ್ತಿಪ್ಪತ್ತು ಚೀಲ ಹೇರಿ, ಏರು ದಾರಿಯಲ್ಲಿ ಹತ್ತಿಸಿ. ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಸವೆದಿದೆ. ಗೇರ್ ತಾನೇ ಜಾರುತ್ತದೆಯೇ? ಬ್ರೇಕ್ ಹಾಕಿದರೆ ಒಂದು ಕಡೆಗೆ ಎಳೆಯುತ್ತದೆಯೇ? ಸ್ಟೇರಿಂಗ್ ಸಡಿಲ ಇದೆಯೇ?

ಕಿ.ಮೀ. ತೋರಿಸುವ ಮೀಟರನ್ನು ಪೂರಾ ನಂಬಬೇಡಿ. ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಕ್ಲಚ್ಚು, ಬ್ರೇಕಿನ ಪೆಡಲು ನೋಡಿ. ಸೀಟು ನೋಡಿ. ಪೆಡಲು ನುಣ್ಣಗೆ ಸವೆದಿದ್ದು, ಮೀಟರ್ ಮಾತ್ರ ಸ್ವಲ್ಪವೇ ತೋರಿಸಿದರೆ ಅನುಮಾನ ಪಡಿ.

ಕಾಗದ ಓದೋಣ

ಗಾಡಿಯ ಹಲ್ಲು ಇರುವುದು ಕಾಗದದಲ್ಲಿ. ಆ ಕಾಗದದ ಹೆಸರು ಆರ್.ಸಿ. ಅಂದರೆ ನೋಂದಣಿ ಪತ್ರ. ಈಗ ಅದು ಕಾರ್ಡಿನ ರೂಪದಲ್ಲಿ ಬರುತ್ತದೆ. ಅಕ್ಷರ ಇಂಗ್ಲಿಷಿನಲ್ಲಿರುತ್ತದೆ. ಶಾಲೆಗೆ ಹೋಗುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಕಿಗಳನ್ನು ನೀವೇ ಓದಿ. ನಕಲು ಪ್ರತಿ ಬೇಡ, ಮೂಲ ಕಾರ್ಡೇ ಕೇಳಿ.

1. ಹೆಸರು. ಕಾರ್ಡಿನಲ್ಲಿರುವ ಮಾಲೀಕರೇ ನಿಮಗೆ ಮಾರುತ್ತಿದ್ದಾರೆಯೇ? "ಅವರು ನನಗೆ ಮಾರಿದಾರೆ, ನಾನು ನಿಮಗೆ ಮಾರ್ತೀನಿ" ಎಂದರೆ ನಿಲ್ಲಿ. ಕಾರ್ಡಿನಲ್ಲಿರುವ ಮಾಲೀಕರನ್ನು ನೋಡದೆ ಹಣ ಕೊಡಬೇಡಿ.

2. ವಯಸ್ಸು. ತಯಾರಾದ ತಿಂಗಳು, ವರ್ಷ ಇರುತ್ತದೆ. ನೋಂದಣಿಯಾದ ದಿನ ಇರುತ್ತದೆ.

3. ಚಾಸಿ ನಂಬರ್, ಇಂಜಿನ್ ನಂಬರ್. ಚಾಸಿ ನಂಬರಿನಲ್ಲಿ ಅಕ್ಷರ, ಅಂಕಿ ಸೇರಿ 17 ಇರುತ್ತವೆ. ಅದನ್ನು ಚಾಸಿಯ ಮೇಲೂ ಕೊರೆದಿರುತ್ತಾರೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಚ್ಚು ಮೂಡುತ್ತದೆ. ಒಂದೊಂದೇ ಅಕ್ಷರ ಹೋಲಿಸಿ. ಒಂದು ತಪ್ಪಿದರೂ ಕೊಳ್ಳಬೇಡಿ.

4. ಸಾಲ. ಗಾಡಿಯ ಮೇಲೆ ಸಾಲ ಇದ್ದರೆ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರು ಆರ್.ಸಿ.ಯಲ್ಲಿ ಇರುತ್ತದೆ. ಸಾಲ ತೀರಿದ್ದರೆ ಅವರಿಂದ ಎನ್.ಒ.ಸಿ. ಮತ್ತು ಸಹಿ ಮಾಡಿದ ನಮೂನೆ 35 ತರಿಸಿ. ಇಲ್ಲದಿದ್ದರೆ ನೀವು ಪೂರಾ ಹಣ ಕೊಟ್ಟ ಗಾಡಿಯನ್ನು ಅವರು ಎಳೆದುಕೊಂಡು ಹೋಗಬಹುದು.

5. ತೂಕ. ಎರಡು ತೂಕ ಬರೆದಿರುತ್ತದೆ. ಖಾಲಿ ಗಾಡಿಯ ತೂಕ. ಲೋಡು ಸೇರಿ ಒಟ್ಟು ತೂಕ. ಒಟ್ಟು 2,950 ಕಿಲೋ, ಖಾಲಿ 1,700 ಕಿಲೋ ಎಂದುಕೊಳ್ಳಿ. ಕಳೆದರೆ 1,250 ಕಿಲೋ. 50 ಕಿಲೋದ 25 ಚೀಲ. ಗಾಡಿಯಲ್ಲಿ ಕೂತವರ ತೂಕವೂ ಇದರಲ್ಲೇ ಸೇರಬೇಕು. ಒಟ್ಟು ತೂಕ 3,000 ಕಿಲೋ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ದಾಟಿದರೆ ಬೇಕು.

ಇನ್ನೂ ಮೂರು ಕಾಗದ ನೋಡಿ. ವಿಮೆ, ಹೊಗೆ ತಪಾಸಣೆ ಪತ್ರ, ಎಫ್.ಸಿ. ಎಫ್.ಸಿ. ಎಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ. ಸರಕು ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ತುಂಬಾ ಹಳೆಯ ಗಾಡಿಗೆ ಶುಲ್ಕವೂ ಹೆಚ್ಚು. ಎಫ್.ಸಿ. ಮುಗಿದ ಗಾಡಿ ಅಗ್ಗಕ್ಕೆ ಬಂದರೆ ಖುಷಿ ಪಡಬೇಡಿ. ಅದನ್ನು ಪಾಸು ಮಾಡಿಸುವ ಖರ್ಚು ನಿಮ್ಮ ಮೇಲೆ ಬೀಳುತ್ತದೆ.

ದಂಡ ಬಾಕಿ ಇದೆಯೇ, ವಿಮೆ ಇದೆಯೇ ಎಂದು ಸರ್ಕಾರದ ಪರಿವಾಹನ್ ತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಬೇರೆ ರಾಜ್ಯದ ಗಾಡಿಯಾದರೆ ಆ ರಾಜ್ಯದ ಎನ್.ಒ.ಸಿ. ಬೇಕು. ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕು.

ಎಷ್ಟು ಹಳೆಯದು ಆಗಬಹುದು?

"ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸೋ ಹಾಗಿಲ್ಲವಂತೆ" ಎಂದು ಕೆಲವರು ಹೆದರಿಸುತ್ತಾರೆ. ಆ ಮಾತು ಹುಟ್ಟಿದ್ದು ದೆಹಲಿಯಲ್ಲಿ. ಅಲ್ಲಿನ ಹೊಗೆ ತಡೆಯಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು. ಅದು ದೆಹಲಿ ಸುತ್ತಮುತ್ತಲಿನ ಮಾತು. ನಮ್ಮ ಕಡೆ ಸರಕು ಗಾಡಿಗೆ ಮುಖ್ಯವಾದದ್ದು ಎಫ್.ಸಿ.

ಇನ್ನೊಂದು ವಿಷಯ. 2020ರ ಏಪ್ರಿಲ್ ತಿಂಗಳಿಂದ ಮಾರಾಟವಾದ ಹೊಸ ಗಾಡಿಗಳು ಬಿಎಸ್-6 ಎಂಬ ನಿಯಮಕ್ಕೆ ಒಳಪಟ್ಟಿವೆ. ಅವುಗಳ ಹೊಗೆ ಕಡಿಮೆ. ಹೊಗೆ ಶುದ್ಧ ಮಾಡುವ ಸಾಧನ, ಸೆನ್ಸರ್ ಹೆಚ್ಚು. ಕೆಟ್ಟರೆ ಕಂಪ್ಯೂಟರ್ ಇಟ್ಟು ನೋಡುವ ಮೆಕ್ಯಾನಿಕ್ ಬೇಕು. ತೀರಾ ಹಳೆಯ ಗಾಡಿಗಳನ್ನು ಹಳ್ಳಿಯ ಮೆಕ್ಯಾನಿಕ್ ಸುಲಭವಾಗಿ ರಿಪೇರಿ ಮಾಡುತ್ತಾರೆ. ಆದರೆ ಅವು ಪದೇ ಪದೇ ಕೆಡುತ್ತವೆ. ನೀವು ನೋಡಿದ ಗಾಡಿಯ ಬಿಡಿಭಾಗ ನ್ಯಾಮತಿಯಲ್ಲೋ ಹೊನ್ನಾಳಿಯಲ್ಲೋ ಸಿಗುತ್ತದೆಯೇ? ಅಂಗಡಿಯಲ್ಲಿ ಕೇಳಿ ಬನ್ನಿ. ಬಿಡಿಭಾಗಕ್ಕಾಗಿ ಗಾಡಿ ಸುಗ್ಗಿಯಲ್ಲಿ ನಿಂತರೆ ನಷ್ಟ ನಿಮ್ಮದು.

ಹೆಸರು ಬದಲಾಗಲೇಬೇಕು

"ಗಾಡಿ ನಿಮ್ಮ ಮನೆ ಮುಂದೆ ಇದೆಯಲ್ಲಾ, ಹೆಸರು ನಿಧಾನಕ್ಕೆ ಮಾಡಿಸಿದ್ರಾಯ್ತು" ಎಂದು ಹೇಳುವವರಿದ್ದಾರೆ. ಈ ಮಾತು ಕೇಳಬೇಡಿ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವರು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇದಕ್ಕೆ ನಮೂನೆ 29 ಮತ್ತು ನಮೂನೆ 30 ಬೇಕು. ವಿಮೆಯಲ್ಲೂ 14 ದಿನದೊಳಗೆ ನಿಮ್ಮ ಹೆಸರು ಮಾಡಿಸಲು ಕೇಳಬೇಕು. ದಾವಣಗೆರೆ ಆರ್.ಟಿ.ಓ. ಗಾಡಿಗಳ ನಂಬರು ಕೆಎ-17ರಿಂದ ಶುರುವಾಗುತ್ತದೆ. ಶಿವಮೊಗ್ಗದ್ದು ಕೆಎ-14.

ಹೆಸರು ಬದಲಾಗದಿದ್ದರೆ ಏನಾಗುತ್ತದೆ? 2018ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆ ತೀರ್ಮಾನಿಸಿತು. ಒಂದು ವಾಹನ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿತ್ತು. ಆರ್.ಸಿ.ಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಇತ್ತು. ಅಪಘಾತವಾಯಿತು. ಪರಿಹಾರ ಕೊಡುವ ಹೊಣೆ ಯಾರದು? ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಕೋರ್ಟು ಹೇಳಿತು. ಗಾಡಿ ಮಾರಿ ವರ್ಷಗಳಾಗಿದ್ದರೂ ಹೊಣೆ ತಪ್ಪಲಿಲ್ಲ. ಆದ್ದರಿಂದ ಮಾರುವವರಿಗೂ ಇದು ಮುಖ್ಯ. ಇದನ್ನು ಅವರಿಗೆ ವಿವರಿಸಿ ಹೇಳಿ. ಅವರೇ ನಿಮ್ಮೊಡನೆ ಆರ್.ಟಿ.ಓ. ಆಫೀಸಿಗೆ ಬರುತ್ತಾರೆ.

ಕೊಂಡವರಿಗೂ ಕಷ್ಟ ಇದೆ. ಗಾಡಿ ಕಳವಾದರೆ, ಬಿದ್ದು ಜಖಂ ಆದರೆ, ಕಾಗದದಲ್ಲಿ ಹೆಸರಿಲ್ಲದವರು ವಿಮೆ ಹಣ ಕೇಳುವುದು ಹೇಗೆ?

ಸಹಿ ಹಾಕುವ ಮುಂಚೆ

ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಖಾಲಿ ಕಾಗದಕ್ಕೂ ಒತ್ತಿದರು. ಹೊಲ ಕಳೆದುಕೊಂಡವರೂ ಇದ್ದಾರೆ. ಈಗ ಸಹಿ ಬರುತ್ತದೆ. ಖಾಲಿ ಕಾಗದಕ್ಕೆ ಸಹಿ ಹಾಕಿದರೆ ಅದಕ್ಕೂ ಹೆಬ್ಬೆಟ್ಟಿಗೂ ಏನು ಭೇದ?

ದಲ್ಲಾಳಿ ಆಗಲಿ, ಸಾಲ ಕೊಡುವವರಾಗಲಿ, ಖಾಲಿ ನಮೂನೆಗೆ ಸಹಿ ಕೇಳಿದರೆ ಹೀಗೆ ಹೇಳಿ: "ತುಂಬಿ ಕೊಡ್ರಿ, ಓದಿ ಸಹಿ ಹಾಕ್ತೀನಿ." ಓದಲು ಹೊತ್ತು ಬೇಕಾದರೆ ಮನೆಗೆ ತಗೊಂಡು ಬನ್ನಿ. ಅವಸರ ಮಾಡುವವರ ಹತ್ತಿರ ವ್ಯಾಪಾರ ಬೇಡ.

ಗಾಡಿ ಕೊಳ್ಳುವ ದಿನ ಎರಡು ಪ್ರತಿ ಒಪ್ಪಂದ ಬರೆಯಿಸಿ. ಅದರಲ್ಲಿ ಇಷ್ಟು ಇರಲಿ:

ಗಾಡಿ ನಂಬರ್ ....... ಚಾಸಿ ನಂಬರ್ .......
ಮಾರಿದವರ ಹೆಸರು, ವಿಳಾಸ .......
ಕೊಂಡವರ ಹೆಸರು, ವಿಳಾಸ .......
ಬೆಲೆ ....... ರೂಪಾಯಿ. ಇಂದು ಕೊಟ್ಟದ್ದು ....... ಬಾಕಿ .......
ಗಾಡಿ ಕೈಗೆ ಕೊಟ್ಟ ದಿನ ....... ಗಂಟೆ .......
ಈ ಗಂಟೆಯವರೆಗಿನ ದಂಡ, ತೆರಿಗೆ, ಸಾಲ ಮಾರಿದವರದು.
ಇಬ್ಬರ ಸಹಿ. ಇಬ್ಬರು ಸಾಕ್ಷಿಗಳ ಸಹಿ.

ಗಂಟೆ ಏಕೆ ಬರೆಯಬೇಕು? ಬೆಳಿಗ್ಗೆ ಅಪಘಾತ ಮಾಡಿದ ಗಾಡಿಯನ್ನು ಮಧ್ಯಾಹ್ನ ಕೊಂಡವರ ತಲೆಗೆ ಕಟ್ಟಬಾರದು. ಅದಕ್ಕೆ ಗಂಟೆ ಬೇಕು.

ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ಆಗ ಗುರುತು ಉಳಿಯುತ್ತದೆ. ಸ್ವಲ್ಪ ಹಣ ಬಾಕಿ ಇಟ್ಟುಕೊಳ್ಳಿ. ಆರ್.ಸಿ.ಯಲ್ಲಿ ನಿಮ್ಮ ಹೆಸರು ಬಂದ ಮೇಲೆ ಅದನ್ನು ಕೊಡುವುದಾಗಿ ಒಪ್ಪಂದದಲ್ಲೇ ಬರೆಯಿಸಿ.

ಸರಕು ಗಾಡಿಯಲ್ಲಿ ಜನರನ್ನು ತುಂಬಬೇಡಿ

ಫೆಬ್ರವರಿ ತಿಂಗಳಲ್ಲಿ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ, ಜಾತ್ರೆ. ನಾಡಿನ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಹೊರ ರಾಜ್ಯದಿಂದಲೂ ಬರುತ್ತಾರೆ. ಗಾಡಿ ಇದ್ದವರಿಗೆ ಆಗ ಫೋನ್ ಬರುತ್ತದೆ. "ಅಣ್ಣಾ, ಇಪ್ಪತ್ತು ಜನ ಇದೀವಿ, ಬರ್ತೀಯಾ?" ಕೂಲಿಯವರನ್ನು ಹೊಲಕ್ಕೆ ಕರೆದೊಯ್ಯಲೂ ಕೇಳುತ್ತಾರೆ. ಮದುವೆ ದಿಬ್ಬಣಕ್ಕೂ ಕೇಳುತ್ತಾರೆ.

ಆಗೋದಿಲ್ಲ ಅನ್ನಿ. ಸರಕು ಗಾಡಿ ಜನರಿಗೆ ಮಾಡಿದ್ದಲ್ಲ. ತಿರುವಿನಲ್ಲಿ ಗಾಡಿ ಮಗುಚಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ವಿಮೆಯ ಮಾತೂ ಇದೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಬಂದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಸರಕಿನ ಮಾಲೀಕ ಅಥವಾ ಅವರು ಕಳಿಸಿದವರು ಸರಕಿನ ಜೊತೆ ಬರುವುದು ಬೇರೆ ಮಾತು. ಅವರೂ ಆರ್.ಸಿ.ಯಲ್ಲಿ ಬರೆದ ಸೀಟಿನಲ್ಲೇ ಕೂರಬೇಕು.

ಯೋಚಿಸಿ. ಗಾಡಿಯ ಹಿಂದೆ ಇಪ್ಪತ್ತು ಜನ. ಎಲ್ಲರೂ ನಮ್ಮವರೇ. ಏನಾದರೂ ಆದರೆ ಪರಿಹಾರದ ಹೊಣೆ ಗಾಡಿಯ ಮಾಲೀಕರ ಮೇಲೆ. ಗಾಡಿ ಮಾರಿದರೂ, ಹೊಲ ಮಾರಿದರೂ ತೀರದು. ಹೋದ ಜೀವವಂತೂ ಬರದು. ಬಾಡಿಗೆಯ ಲೆಕ್ಕ ಬರೆಯುವಾಗ ಇಂಥ ಬಾಡಿಗೆಯನ್ನು ಸೇರಿಸಲೇಬೇಡಿ. ಅದು ಇಲ್ಲದೆ ಗಾಡಿ ಗಿಟ್ಟುವುದಿಲ್ಲ ಎಂದಾದರೆ ಗಾಡಿ ಬೇಡ.

ಓಡಿಸುವವರಿಗೆ ಲೈಸೆನ್ಸ್ ಇರಲೇಬೇಕು. ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋಗಿಂತ ಕಡಿಮೆ ಇರುವ ಸರಕು ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ.

ಹಾಗಾದರೆ ಕೊಳ್ಳೋಣವೇ?

ಈ ಐದಕ್ಕೂ "ಹೌದು" ಎಂದು ಬರೆಯಲು ಆದರೆ ಕೊಳ್ಳಿ.

1. ವರ್ಷದ ಖರ್ಚು ಹುಟ್ಟುವಷ್ಟು ಬಾಡಿಗೆ ನಿಜವಾಗಿ ಸಿಗುತ್ತದೆ.
2. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ಲೋಡು ಹಾಕಿ, ಏರು ಹತ್ತಿಸಿ ನೋಡಿದ್ದೇವೆ.
3. ಆರ್.ಸಿ.ಯಲ್ಲಿರುವ ಮಾಲೀಕರೇ ಮಾರುತ್ತಿದ್ದಾರೆ. ಗಾಡಿಯ ಮೇಲೆ ಸಾಲ ಇಲ್ಲ.
4. ಹೊಲ, ಮನೆ ಒತ್ತೆ ಇಡದೆ ಹಣ ಹೊಂದುತ್ತದೆ.
5. ಕೊಂಡ ಮೇಲೂ ರಿಪೇರಿಗೆ ಸ್ವಲ್ಪ ಹಣ ಕೈಯಲ್ಲಿ ಉಳಿಯುತ್ತದೆ.

ಒಂದಕ್ಕೆ "ಇಲ್ಲ" ಬಂದರೂ ಕಾಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ನಾಲ್ಕು ಮನೆಯವರು ಸೇರಿ ಒಂದು ಲೋಡು ಮಾಡಿ, ಒಂದೇ ಬಾಡಿಗೆ ಗಾಡಿಯಲ್ಲಿ ಕಳಿಸಿದರೆ ಎಲ್ಲರಿಗೂ ಉಳಿತಾಯ. ಕಾಯುವುದರಿಂದ ನಷ್ಟವಿಲ್ಲ. ಹಳೆ ಗಾಡಿಗಳು ಮುಂದಿನ ವರ್ಷವೂ ಸಿಗುತ್ತವೆ. ಕೈಬಿಟ್ಟ ಹೊಲ ಮತ್ತೆ ಸಿಗುವುದು ಕಷ್ಟ.

ಓದಿ, ಉತ್ತರ ಬರೆಯಿರಿ

1. 1,50,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ ವರ್ಷಕ್ಕೆ ಬಡ್ಡಿ ಎಷ್ಟು?
2. ಟೈರಿನ ಮೇಲೆ 4018 ಎಂದಿದೆ. ಅದು ಯಾವ ವರ್ಷದ ಟೈರು?
3. ನೀಲಿ ಹೊಗೆ ಬಂದರೆ ಏನು ಅರ್ಥ?
4. ಕೊಂಡವರು ಎಷ್ಟು ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು?
5. ನಿಮ್ಮ ಊರಿನ ಒಬ್ಬ ಗಾಡಿ ಮಾಲೀಕರನ್ನು ಕೇಳಿ, ಅವರ ಒಂದು ವರ್ಷದ ಖರ್ಚಿನ ಪಟ್ಟಿ ಬರೆಯಿರಿ. ಮುಂದಿನ ತರಗತಿಗೆ ತನ್ನಿ. ಎಲ್ಲರೂ ಸೇರಿ ಕೂಡೋಣ.